ಮೋಟಾರು ಗಾಡಿಯ ಕ್ರಯವೂ ಮಾರುವವರ ಅವಸರವೂ

ತಿಂಗಳ ಕೊನೆಯ ವಾರ ಬಂದಿತೆಂದರೆ ನಮ್ಮ ಪಟ್ಟಣಗಳ ಮೋಟಾರು ಗಾಡಿಯ ಷೋರೂಮುಗಳಲ್ಲಿ ವಿಚಿತ್ರವಾದೊಂದು ಆತುರವು ತಲೆದೋರುತ್ತದೆ. ಹಿಂದಿನ ವಾರ ಬಂದು ಗಾಡಿಯನ್ನು ನೋಡಿಕೊಂಡು ಹೋದ ಗೃಹಸ್ಥನಿಗೆ ದಿನಕ್ಕೆ ಮೂರು ಸಲ ಕರೆ ಹೋಗುತ್ತದೆ. 'ಸರ್, ಈ ಆಫರ್ ಇವತ್ತು ಸಂಜೆ ತನಕ ಮಾತ್ರ'. 'ಸರ್, ನೀವು ಕೇಳಿದ ಬಣ್ಣದ್ದು ಒಂದೇ ಒಂದು ಗಾಡಿ ಉಳಿದಿದೆ, ಇನ್ನೊಬ್ಬರು ದುಡ್ಡು ಹಿಡ್ಕೊಂಡು ಎದುರಿಗೇ ಕೂತಿದ್ದಾರೆ'. 'ಸರ್, ಮುಂದಿನ ತಿಂಗಳಿಂದ ಕಂಪನಿಯವರು ರೇಟು ಏರಿಸುತ್ತಾರೆ'. ಈ ಮೂರು ಮಾತುಗಳನ್ನು ಕೇಳದೆ ಗಾಡಿ ಕೊಂಡವನು ಬೆಂಗಳೂರಿನಿಂದ ಬೀದರದವರೆಗೆ ಒಬ್ಬನಾದರೂ ಇರುವನೆಂದು ನಾವು ನಂಬಲಾರೆವು. ಊರು ಯಾವುದಾದರೂ ಮಾತುಗಳು ಇವೇ. ಆಡುವ ತರುಣರ ಮುಖಗಳು ಮಾತ್ರ ಬೇರೆ. ಒಂದೇ ಮಠದಲ್ಲಿ ಕಂಠಪಾಠ ಮಾಡಿಸಿದಂತಿರುವ ಈ ಮಾತುಗಳ ವಿಷಯದಲ್ಲಿ ನಮ್ಮ ವಾಚಕರೊಡನೆ ಸ್ವಲ್ಪ ವಿಚಾರ ಮಾಡುವುದು ಅಗತ್ಯವೆಂದು ನಮಗೆ ತೋರಿದೆ. ಮನೆ ಮದುವೆಗಳನ್ನು ಬಿಟ್ಟರೆ ನಮ್ಮ ಮಧ್ಯಮ ತರಗತಿಯ ಕುಟುಂಬವು ತನ್ನ ಆಯುಷ್ಯದಲ್ಲಿ ಮಾಡುವ ಅತಿ ದೊಡ್ಡ ವೆಚ್ಚ ಇದೇ. ಆ ವೆಚ್ಚವನ್ನು ಒಂದು ಸಂಜೆಯ ಗದ್ದಲದಲ್ಲಿ ನಿರ್ಧರಿಸಿಬಿಡುವುದು ಈಗ ರೂಢಿಯಾಗಿ ಹೋಗಿದೆ.

ಮೊದಲು ಈ ಅವಸರವು ಯಾರದೆಂಬುದನ್ನು ಕೇಳಬೇಕು. ಗಾಡಿಯನ್ನು ತಯಾರಿಸುವ ಕಂಪನಿಯು ಈ ತಿಂಗಳು ಇಂತಿಷ್ಟು ಗಾಡಿಗಳನ್ನು ಮಾರಬೇಕೆಂದು ತನ್ನ ಡೀಲರಿಗೆ ಗುರಿ ಗೊತ್ತುಮಾಡುತ್ತದೆ. ಗುರಿ ಮುಟ್ಟಿದವನಿಗೆ ಹೆಚ್ಚಿನ ಪ್ರತಿಫಲವುಂಟು, ಮುಟ್ಟದವನಿಗಿಲ್ಲ. ಡೀಲರು ಆ ಗುರಿಯನ್ನೇ ಹರಿದು ಹಂಚಿ ತನ್ನ ಮಾರಾಟದ ಹುಡುಗರ ತಲೆಗೆ ಕಟ್ಟುತ್ತಾನೆ. ಅಂಗಳದಲ್ಲಿ ನಿಂತಿರುವ ಗಾಡಿಗಳು ಬಹುಮಟ್ಟಿಗೆ ಸಾಲದ ಹಣದಿಂದ ತಂದವು. ನಿಂತಷ್ಟು ದಿನವೂ ಅವುಗಳ ಮೇಲೆ ಬಡ್ಡಿ ಓಡುತ್ತಿರುತ್ತದೆ. ಡಿಸೆಂಬರು ಬಂದರೆ ಇನ್ನೊಂದು ಚಿಂತೆ. ವರ್ಷ ತಿರುಗಿದ ಕೂಡಲೆ ಅಂಗಳದ ಗಾಡಿಯು ಹೋದ ವರ್ಷದ ತಯಾರಿಕೆಯೆನಿಸಿಕೊಂಡು ಬೆಲೆ ಕಳೆದುಕೊಳ್ಳುತ್ತದೆ. ಹೀಗೆ ಗಡುವು, ಗುರಿ, ಬಡ್ಡಿಗಳೆಲ್ಲವೂ ಮಾರುವವರ ಪಾಲಿನವು. ಕೊಳ್ಳುವವನಿಗೆ ಮೂವತ್ತನೆಯ ತಾರೀಖಿಗೂ ಮೂರನೆಯ ತಾರೀಖಿಗೂ ಏನು ಭೇದ? ಆದರೂ ಮಾರುವವರು ತಮ್ಮ ಆತುರವನ್ನು ಉಪಾಯವಾಗಿ ಗಿರಾಕಿಯ ಹೆಗಲಿಗೆ ದಾಟಿಸುತ್ತಾರೆ, ಅವನೂ ಅದನ್ನು ತನ್ನದೆಂದೇ ಭಾವಿಸಿ ಹೊತ್ತುಕೊಳ್ಳುತ್ತಾನೆ. ಈ ವ್ಯಾಪಾರದ ಮರ್ಮವೆಲ್ಲ ಇಷ್ಟರಲ್ಲಿಯೇ ಇದೆ.

'ಬೆಲೆ ಏರುತ್ತದೆ' ಎಂಬ ಬೆದರಿಕೆಯು ಪೂರ್ತಿಯಾಗಿ ಸುಳ್ಳೆಂದು ನಾವು ಹೇಳುವುದಿಲ್ಲ. ಜನವರಿ ತಿಂಗಳು ಬಂದರೆ ಹಲವು ಕಂಪನಿಗಳು ಬೆಲೆಯನ್ನು ಏರಿಸುವುದು ವಾಡಿಕೆ. ಆದರೆ ಬೆಲೆಯು ಏರುವುದನ್ನು ಮಾತ್ರ ಬಲ್ಲ ಜ್ಯೋತಿಷ್ಯವು ಎಂಥ ಜ್ಯೋತಿಷ್ಯ? ೨೦೨೫ರಲ್ಲಿ ನಡೆದುದನ್ನು ನೆನೆಯಿರಿ. ಆ ವರ್ಷದ ಆಗಸ್ಟ್ ೧೫ರಂದು ಪ್ರಧಾನ ಮಂತ್ರಿಗಳು ಕೆಂಪುಕೋಟೆಯಿಂದ ಸರಕು ಮತ್ತು ಸೇವಾ ತೆರಿಗೆಯನ್ನು ಸುಧಾರಿಸುವುದಾಗಿ ಸಾರಿದರು. ಸೆಪ್ಟೆಂಬರ್ ೩ರಂದು ತೆರಿಗೆಯ ಮಂಡಳಿಯು ತೀರ್ಮಾನ ಮಾಡಿತು. ೨೨ನೆಯ ತಾರೀಖಿನಿಂದ ಹೊಸ ದರವು ಜಾರಿಗೆ ಬಂದಿತು. ನಾಲ್ಕು ಮೀಟರು ಉದ್ದಕ್ಕೂ ೧೨೦೦ ಸಿ.ಸಿ. ಯಂತ್ರಕ್ಕೂ ಮೀರದ ಪೆಟ್ರೋಲು ಗಾಡಿಗಳ ಮೇಲೆ ಶೇಕಡಾ ೨೮ ತೆರಿಗೆಯೂ ಅದರ ಮೇಲೊಂದು ಸೆಸ್ಸೂ ಇದ್ದುದು ಶೇಕಡಾ ೧೮ಕ್ಕೆ ಇಳಿಯಿತು. ಏಳು ಲಕ್ಷ ರೂಪಾಯಿಯ ಗಾಡಿಗೆ ತೆರಿಗೆಯ ಲೆಕ್ಕದಲ್ಲಿಯೇ ಸುಮಾರು ೬೦ ಸಾವಿರ ರೂಪಾಯಿಗಳ ವ್ಯತ್ಯಾಸ! ಜುಲೈ ಕೊನೆಯಲ್ಲಿ 'ಇವತ್ತೇ ಮುಗಿಸಿಬಿಡಿ ಸರ್' ಎಂಬ ಮಾತಿಗೆ ಮಣಿದು ಸಹಿ ಹಾಕಿದವನು ಆ ಹಣವನ್ನು ಕಳೆದುಕೊಂಡನು. ನಾಳೆ ನೋಡೋಣವೆಂದು ಎದ್ದುಹೋದ ಉದಾಸೀನನು ಉಳಿಸಿಕೊಂಡನು. ಮುಂದೆ ಆಗುವುದನ್ನು ಆ ಮಾರಾಟದ ಹುಡುಗನೂ ಅರಿತಿರಲಿಲ್ಲ. ಅದು ಅವನ ದೋಷವಲ್ಲ. ಅರಿಯದುದನ್ನು ಅರಿತವನಂತೆ ಹೇಳಿದುದೇ ದೋಷ.

ನಮ್ಮ ದೇಶದಲ್ಲಿ ಗಿರಾಕಿಯ ಹಿಂದೆ ಅಂಗಡಿಯು ಓಡುವ ಈ ಕಾಲವು ತೀರ ಹಳೆಯದಲ್ಲ. ಅಂಬಾಸಡರು, ಪ್ರೀಮಿಯರ್ ಪದ್ಮಿನಿಗಳ ದಿನಗಳಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದಿತು. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಗಾಡಿಯು ರಸ್ತೆಗೆ ಬಂದಾಗಲೂ ಮುಂಗಡ ಕಟ್ಟಿದವರ ಸಾಲು ಉದ್ದವಾಗಿಯೇ ಇದ್ದಿತು. ೧೯೯೩ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟು ಸಡಿಲಿದ ಮೇಲೆ ಹೊರದೇಶದ ಕಂಪನಿಗಳು ಒಂದರ ಹಿಂದೊಂದು ಬಂದವು, ಗಾಡಿಗಳು ಅಂಗಳದಲ್ಲಿ ನಿಲ್ಲತೊಡಗಿದವು. ಆಗ ಕೈಮುಗಿದು ನಿಂತಿದ್ದವನು ಗಿರಾಕಿ. ಈಗ ನಿಂತಿರುವವನು ಮಾರುವವನು. ಆದರೆ ಗಿರಾಕಿಯ ಮನಸ್ಸಿನಿಂದ ಹಳೆಯ ಕಾಲವು ಇನ್ನೂ ತೊಲಗಿಲ್ಲ. 'ಈಗ ಬಿಟ್ಟರೆ ಇನ್ನು ಸಿಕ್ಕದು' ಎಂಬ ಹೆದರಿಕೆಯು ತಂದೆಯಿಂದ ಮಗನಿಗೆ ಬಂದ ಆಸ್ತಿಯಂತಿದೆ. ಕೆಲವು ಹೊಸ ಮಾದರಿಗಳಿಗೆ ಈಗಲೂ ತಿಂಗಳುಗಟ್ಟಲೆ ಕಾಯಬೇಕಾಗುವುದುಂಟು. ಅಂಥ ಒಂದೆರಡನ್ನು ತೋರಿಸಿ ಮಿಕ್ಕ ಹತ್ತನ್ನೂ ದುರ್ಲಭವೆಂದು ನಂಬಿಸುವುದು ಕಷ್ಟವಲ್ಲ.

ನಮ್ಮ ಜನರಿಗೆ ಚೌಕಾಶಿ ಬಾರದೆಂದು ಯಾರಾದರೂ ಹೇಳಿದರೆ ನಾವು ನಗುತ್ತೇವೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿ ನೋಡಿ. ಒಂದು ಜೊತೆ ಎತ್ತು ಕೊಳ್ಳುವ ರೈತನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕೇಳಿ, ಒಗ್ಗದೆ ಹೋದರೆ ಟವೆಲನ್ನು ಹೆಗಲಿಗೆ ಹಾಕಿಕೊಂಡು ಮುಂದಿನ ಗುಂಪಿಗೆ ನಡೆಯುತ್ತಾನೆ. ಮರುದಿನ ಮತ್ತೆ ಬರುತ್ತಾನೆ. ಅವನನ್ನು ಅಲ್ಲಿ ಯಾರೂ ಅಸಭ್ಯನೆನ್ನುವುದಿಲ್ಲ. ಅದೇ ರೈತನ ಮಗನು ಓದಿ ನೌಕರಿಗೆ ಸೇರಿ ಷೋರೂಮಿನ ಗಾಜಿನ ಬಾಗಿಲನ್ನು ದಾಟಿದೊಡನೆ ಈ ವಿದ್ಯೆಯೆಲ್ಲವೂ ಮರೆತುಹೋಗುವುದೇಕೆ? ತಣ್ಣನೆಯ ಗಾಳಿ, ಮೆತ್ತನೆಯ ಕುರ್ಚಿ, ಕೇಳದೆಯೇ ಬಂದ ಕಾಫಿ, ಹೆಂಡತಿಗೆ 'ಬನ್ನಿ ಮೇಡಂ' ಎಂಬ ಮನ್ನಣೆ, ಮಗುವಿಗೊಂದು ಬಲೂನು. ಇಷ್ಟು ಉಪಚಾರ ಮಾಡಿಸಿಕೊಂಡ ಮೇಲೆ ಬರಿಗೈಯಲ್ಲಿ ಎದ್ದುಹೋಗುವುದು ಹೇಗೆಂಬ ಸಂಕೋಚವು ಮನಸ್ಸಿನಲ್ಲಿ ಹುಟ್ಟುತ್ತದೆ. ಉಂಡ ಮನೆಗೆ ಎರಡೆಣಿಸಬಾರದೆಂದು ತಿಳಿದ ಜನ ನಾವು. ಒಂದು ಲೋಟ ಕಾಫಿಯ ಋಣವು ಹತ್ತು ಲಕ್ಷದ ಸಹಿಯಾಗಿ ತೀರುತ್ತದೆ.

ಉಪಚಾರದಿಂದ ಮಣಿಯದವನಿಗೆ ಬೇರೆ ಔಷಧವಿದೆ. ಕೇಳಿದ ಬೆಲೆಗೆ ಹುಡುಗನು 'ಮ್ಯಾನೇಜರನ್ನು ಕೇಳಿ ಬರುತ್ತೇನೆ' ಎಂದು ಒಳಗೆ ಹೋಗುತ್ತಾನೆ. ಇಪ್ಪತ್ತು ನಿಮಿಷ ಬರುವುದಿಲ್ಲ. ಬಂದಾಗ ಮುಖ ಬಾಡಿಸಿಕೊಂಡು ಐದು ಸಾವಿರ ಇಳಿಸುತ್ತಾನೆ. ಮತ್ತೆ ಒಳಗೆ, ಮತ್ತೆ ಹೊರಗೆ. ಅಷ್ಟರಲ್ಲಿ ರಾತ್ರಿ ಎಂಟು ಗಂಟೆ. ಮಗುವಿಗೆ ಹಸಿವು, ಮನೆಯಾಕೆಗೆ ಬೇಸರ. ಹಳೆಯ ಗಾಡಿಯನ್ನು ಬದಲಿಗೆ ಕೊಡುವವನಾದರೆ ಅದರ ಬೀಗದ ಕೈ 'ಪರೀಕ್ಷೆಗೆಂದು' ಒಳಗೆ ಹೋಗಿ ಕುಳಿತಿರುತ್ತದೆ, ಎದ್ದುಹೋಗಬೇಕೆಂದರೂ ಬೀಗದ ಕೈ ಇಲ್ಲ! ಕಡೆಯದು ನಾಚಿಕೆಯ ಪ್ರಯೋಗ. 'ನಿಮಗೆ ಈ ಮಾಡೆಲ್ ಕಷ್ಟವಾಗಬಹುದು ಸರ್, ಅದರ ಕೆಳಗಿನದನ್ನು ತೋರಿಸಲೆ?' ಎಂದು ಮೃದುವಾಗಿ ಕೇಳಿದರೆ, ನೆರೆಯವರ ಮುಂದೆ ಕಡಿಮೆಯಾಗಲು ಒಪ್ಪದ ನಮ್ಮ ಗೃಹಸ್ಥನು ಒಂದು ಲಕ್ಷ ಹೆಚ್ಚಿಗೆ ತೆತ್ತಾನು.

ಈ ನಾಚಿಕೆಯ ಪ್ರಯೋಗವು ಅದರ ಅತಿ ಒರಟು ರೂಪದಲ್ಲಿ ೨೦೨೨ರ ಜನವರಿಯಲ್ಲಿ ತುಮಕೂರಿನ ಒಂದು ಷೋರೂಮಿನಲ್ಲಿ ಕಾಣಿಸಿಕೊಂಡುದು ನಮ್ಮ ವಾಚಕರಿಗೆ ನೆನಪಿರಬಹುದು. ಸರಕು ಸಾಗಿಸುವ ಗಾಡಿಯನ್ನು ಕೊಳ್ಳಲು ಬಂದ ರೈತನೊಬ್ಬನ ಉಡುಪನ್ನು ನೋಡಿ, ನಿನ್ನ ಬಳಿ ಹತ್ತು ರೂಪಾಯಿಯೂ ಇರಲಾರದು ಎಂಬರ್ಥದಲ್ಲಿ ಅಲ್ಲಿಯ ನೌಕರನು ಹೀಯಾಳಿಸಿದನೆಂದೂ, ರೈತನು ಗಂಟೆಯೊಳಗೆ ಹತ್ತು ಲಕ್ಷ ರೂಪಾಯಿ ಹೊಂದಿಸಿ ತಂದು ಮುಂದಿಟ್ಟು ಗಾಡಿಯನ್ನು ಈಗಲೇ ಕೊಡಿರೆಂದು ಕೇಳಿದನೆಂದೂ, ಕೊಡಲು ಅವರಲ್ಲಿ ಗಾಡಿಯೇ ಸಿದ್ಧವಿರಲಿಲ್ಲವೆಂದೂ ದೇಶದ ಪತ್ರಿಕೆಗಳೆಲ್ಲ ಬರೆದವು. ಕ್ಷಮೆ ಕೇಳುವುದೂ ಆಯಿತು. ಜನರು ಆ ಹತ್ತು ಲಕ್ಷದ ಗಂಟನ್ನು ಕೊಂಡಾಡಿದರು. ನಮಗಾದರೋ ಅದಕ್ಕಿಂತ ಮಿಗಿಲಾಗಿ ಕಂಡುದು ಬೇರೆ: ಅವಮಾನವಾದ ಒಡನೆ ಆ ರೈತನು ಎದ್ದು ಹೊರಗೆ ಬಂದನು. ಹಣವಿಲ್ಲದ ಇನ್ನೊಬ್ಬ ರೈತನೂ ಹಾಗೆ ಹೊರಗೆ ಬರಬಹುದಷ್ಟೆ? ಅವನಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು. ಹಣವನ್ನು ತಂದು ತೋರಿಸಿದ ಮೇಲೆಯೇ ಮನುಷ್ಯನೆನಿಸಿಕೊಳ್ಳುವುದು ಯಾವ ನ್ಯಾಯ?

ಇನ್ನು ಬೆಲೆಯ ಚೀಟಿಯ ವಿಷಯ. ಗಾಡಿಗೆ ಎರಡು ಬೆಲೆಗಳುಂಟು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವುದು ಎಕ್ಸ್ ಷೋರೂಂ ಬೆಲೆ. ಗಾಡಿಯು ಮನೆಯ ಮುಂದೆ ಬಂದು ನಿಲ್ಲುವಷ್ಟರಲ್ಲಿ ಕೈಬಿಡುವುದು ಆನ್ ರೋಡ್ ಬೆಲೆ. ಎರಡರ ನಡುವಿನ ಅಂತರವು ಕರ್ನಾಟಕದಲ್ಲಿ ಹೆಚ್ಚು; ನಮ್ಮ ಸರಕಾರದ ಆಜೀವ ತೆರಿಗೆಯು ದೇಶದಲ್ಲಿಯೇ ಭಾರವಾದ ತೆರಿಗೆಗಳ ಸಾಲಿಗೆ ಸೇರಿದುದು. ಅದನ್ನು ಕಡಿಮೆ ಮಾಡೆಂದು ಡೀಲರನ್ನು ಕೇಳಿ ಫಲವಿಲ್ಲ. ಆದರೆ ಸರಕಾರದ ಈ ದೊಡ್ಡ ಛತ್ರಿಯ ನೆರಳಿನಲ್ಲಿ ಸಣ್ಣ ಸಣ್ಣ ಬಾಬುಗಳು ನುಸುಳಿಕೊಳ್ಳುತ್ತವೆ. ಹೋದ ತಿಂಗಳು ನಮ್ಮ ಕಚೇರಿಗೆ ಬಂದ ನಿವೃತ್ತ ಶಿರಸ್ತೇದಾರರೊಬ್ಬರು ತಮಗೆ ಕೊಟ್ಟ ಚೀಟಿಯನ್ನು ತೋರಿಸಿದರು. ಕಾಗದಪತ್ರಗಳನ್ನು 'ಹ್ಯಾಂಡ್ಲಿಂಗ್' ಮಾಡಿದುದಕ್ಕೆ ೭,೫೦೦, ಕಾಲ್ಚಾಪೆ, ಸೀಟಿನ ಹೊದಿಕೆ, ಮಿನುಗುವ ಪಟ್ಟಿಗಳು ಸೇರಿದ 'ಕಿಟ್ಟಿ'ಗೆ ೨೪,೦೦೦, ಹೆಚ್ಚಿನ ವರ್ಷಗಳ ವಾರಂಟಿಗೆ ೧೬,೦೦೦, ವಿಮೆಗೆ ೫೮,೦೦೦. ಅದೇ ವಿಮೆಯನ್ನು ಅವರ ಅಳಿಯನು ಬೇರೊಂದು ಕಂಪನಿಯಲ್ಲಿ ವಿಚಾರಿಸಿದಾಗ ೪೧,೦೦೦ ಎಂದರಂತೆ. ಒಟ್ಟು ೬೪,೫೦೦ ರೂಪಾಯಿ, ಆ ಹಿರಿಯರ ಎರಡು ತಿಂಗಳ ಪಿಂಚಣಿ. 'ಇವೆಲ್ಲ ಕಂಪಲ್ಸರಿ ಸರ್' ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರಂತೆ.

ಯಾವುದು ಕಡ್ಡಾಯ, ಯಾವುದಲ್ಲ ಎಂಬುದನ್ನು ನಾವು ಸ್ಪಷ್ಟವಾಗಿ ಹೇಳುತ್ತೇವೆ. ತೆರಿಗೆ, ನೋಂದಣಿಯ ಶುಲ್ಕಗಳು ಕಡ್ಡಾಯ. ಸುಪ್ರೀಂ ಕೋರ್ಟಿನ ನಿರ್ದೇಶದಂತೆ ೨೦೧೮ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷಗಳ ತೃತೀಯ ಪಕ್ಷದ ವಿಮೆಯು ಕಡ್ಡಾಯ, ಅದರ ದರವನ್ನು ಸರಕಾರವೇ ಗೊತ್ತುಪಡಿಸುತ್ತದೆ. ಗಾಡಿಯ ಸ್ವಂತ ಹಾನಿಯ ವಿಮೆಯು ಹಾಗಲ್ಲ. ಅದನ್ನೂ ಮೂರು ವರ್ಷಕ್ಕೆ ಒಟ್ಟಿಗೆ ಮಾರುತ್ತಿದ್ದ ಪದ್ಧತಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು ೨೦೨೦ರ ಆಗಸ್ಟಿನಿಂದ ನಿಲ್ಲಿಸಿತು. ಸಾಲ ಕೊಡುವ ಬ್ಯಾಂಕು ಈ ವಿಮೆಯು ಇರಲೇಬೇಕೆಂದು ಕೇಳೀತು. ಆದರೆ ಯಾವ ಕಂಪನಿಯದೆಂಬುದು ಕೊಳ್ಳುವವನ ಇಚ್ಛೆ. ಗಿರಾಕಿಯು ತಮ್ಮ ಮೂಲಕವೇ ವಿಮೆ ಮಾಡಿಸಬೇಕೆಂದು ಡೀಲರು ಒತ್ತಾಯಿಸತಕ್ಕದ್ದಲ್ಲವೆಂದು ಪ್ರಾಧಿಕಾರದ ೨೦೧೭ರ ನಿಬಂಧನೆಗಳಿವೆ. 'ಹೊರಗಿನ ವಿಮೆಯಾದರೆ ನಮ್ಮ ವರ್ಕ್‌ಷಾಪಿನಲ್ಲಿ ಹಣ ಕೊಡದೆ ರಿಪೇರಿಯಾಗದು' ಎಂದು ಹೇಳುವುದುಂಟು. ಆ ವರ್ಕ್‌ಷಾಪು ಯಾವ ಯಾವ ವಿಮಾ ಕಂಪನಿಗಳ ಪಟ್ಟಿಯಲ್ಲಿದೆಯೆಂಬುದನ್ನು ವಿಮಾ ಕಂಪನಿಯವರಿಂದಲೇ ಕೇಳಿ ತಿಳಿಯಬಹುದು. ಹ್ಯಾಂಡ್ಲಿಂಗ್ ಬಾಬಿಗೆ ಕಾನೂನಿನ ಆಧಾರವಿಲ್ಲ. ನಮ್ಮ ನೆರೆಯ ರಾಜ್ಯಗಳ ಸಾರಿಗೆ ಅಧಿಕಾರಿಗಳೇ ಇಂಥ ವಸೂಲಿಯನ್ನು ಆಕ್ಷೇಪಿಸಿದ್ದುಂಟು. ಕಿಟ್ಟು, ಲೇಪನ, ಹೆಚ್ಚಿನ ವಾರಂಟಿಗಳು ಬೇಕಾದವರಿಗೆ ಮಾತ್ರ. ಹತ್ತು ಲಕ್ಷಕ್ಕೆ ಮೀರಿದ ಗಾಡಿಯ ಮೇಲೆ ೨೦೧೬ರ ಜೂನಿನಿಂದ ಶೇಕಡಾ ಒಂದರಂತೆ ವಸೂಲಾಗುವ ಮೊತ್ತವೊಂದಿದೆ. ಅದು ವೆಚ್ಚವಲ್ಲ, ಕೊಂಡವನ ಆದಾಯ ತೆರಿಗೆಯ ಖಾತೆಗೆ ಜಮೆಯಾಗತಕ್ಕುದು. ಇದನ್ನು ಹೇಳುವ ಷೋರೂಮುಗಳೂ ಕಡಿಮೆ, ವರ್ಷದ ಲೆಕ್ಕದಲ್ಲಿ ಕೇಳಿ ಪಡೆಯುವ ಗಿರಾಕಿಗಳೂ ಕಡಿಮೆ.

ಬೆಲೆಗಿಂತಲೂ ಹೆಚ್ಚು ಜನರನ್ನು ಬೀಳಿಸುವುದು ಕಂತಿನ ಲೆಕ್ಕ. 'ಒಟ್ಟು ಬೆಲೆ ಬಿಡಿ ಸರ್, ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಹೇಳಿ' ಎಂದು ಕೇಳಿದೊಡನೆ ಜಾಗರೂಕನಾಗಬೇಕು. ಎಂಟು ಲಕ್ಷ ಸಾಲವನ್ನು ಶೇಕಡಾ ಒಂಬತ್ತರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು ೧೬,೬೦೦ ರೂಪಾಯಿ. ಅದು ಹೆಚ್ಚಾಯಿತೆಂದರೆ ಏಳು ವರ್ಷಕ್ಕೆ ಎಳೆದು ೧೨,೯೦೦ಕ್ಕೆ ಇಳಿಸಿ ತೋರಿಸುತ್ತಾರೆ. ಗಿರಾಕಿಯು ಉಪಕಾರವಾಯಿತೆಂದು ತಿಳಿಯುತ್ತಾನೆ. ಒಟ್ಟು ಬಡ್ಡಿಯು ಮಾತ್ರ ಒಂದು ಲಕ್ಷ ತೊಂಬತ್ತಾರು ಸಾವಿರದಿಂದ ಎರಡು ಲಕ್ಷ ಎಂಬತ್ತೊಂದು ಸಾವಿರಕ್ಕೆ ಏರಿರುತ್ತದೆ. ಇಳಿದ ಕಂತಿನ ಸಂತೋಷದಲ್ಲಿ ಇನ್ನೊಂದು ಮೇಲಿನ ಮಾದರಿಯನ್ನೂ ಒಪ್ಪಿಸಿಬಿಟ್ಟರೆ ಅಂದಿನ ವ್ಯಾಪಾರವು ಸಂಪೂರ್ಣ. ಸಾಲವನ್ನು ಮಾಡಿಸಿಕೊಟ್ಟ ಡೀಲರಿಗೆ ಬ್ಯಾಂಕಿನಿಂದ ಕಮೀಷನು ಬರುವುದುಂಟೆಂಬುದನ್ನು ಮರೆಯಬಾರದು. ೨೦೨೪ರ ಅಕ್ಟೋಬರ್ ೧ರಿಂದ ಇಂಥ ಪ್ರತಿಯೊಂದು ಸಾಲಕ್ಕೂ ನಿಜವಾದ ವಾರ್ಷಿಕ ದರವನ್ನೂ ಎಲ್ಲ ಶುಲ್ಕಗಳನ್ನೂ ತೋರಿಸುವ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ಕೊಡತಕ್ಕದ್ದೆಂದು ರಿಸರ್ವ್ ಬ್ಯಾಂಕಿನ ಆಜ್ಞೆಯಿದೆ. ಆ ಪತ್ರವನ್ನು ಓದದೆ ಸಹಿ ಹಾಕುವವನನ್ನು ರಿಸರ್ವ್ ಬ್ಯಾಂಕು ಕೂಡ ಕಾಪಾಡಲಾರದು.

ನಮ್ಮ ವಾಚಕರಲ್ಲಿ ಅಧಿಕಾರಿಗಳು ಬಹಳ ಮಂದಿ ಇರುವರಾದುದರಿಂದ ಒಂದು ಮಾತನ್ನು ವಿನೋದವಾಗಿ ಹೇಳಬಹುದು. ಕಚೇರಿಗೆ ನಾಲ್ಕು ಕುರ್ಚಿ ಬೇಕಾದರೆ ಮೂರು ಕೊಟೇಷನ್ನುಗಳಿಲ್ಲದೆ ಕಡತವನ್ನು ಮುಟ್ಟದ ಮಹಾಶಯರು ತಮ್ಮ ಸ್ವಂತ ಹತ್ತು ಲಕ್ಷಕ್ಕೆ ಒಂದೇ ಕೊಟೇಷನ್ನಿನ ಮೇಲೆ ಸಹಿ ಹಾಕುತ್ತಾರೆ! ಸರಕಾರದ ಹಣಕ್ಕೆ ತೋರುವ ಜಾಗರೂಕತೆಯನ್ನು ಸ್ವಂತ ಹಣಕ್ಕೂ ತೋರಿದರೆ ಸಾಕು. ಮೊದಲನೆಯ ದಿನ ಒಬ್ಬರೇ ಹೋಗಿ. ಮಕ್ಕಳು ಬಣ್ಣ ನೋಡುವುದು ಎರಡನೆಯ ದಿನವಾಗಲಿ. ಪ್ರತಿಯೊಂದು ಬಾಬನ್ನೂ ಬೇರೆ ಬೇರೆಯಾಗಿ ಬರೆದು ಅಂಗಡಿಯ ಮೊಹರು ಹಾಕಿದ ಚೀಟಿಯನ್ನು ಕೇಳಿ. ಕೊಡಲೊಲ್ಲದ ಅಂಗಡಿಯಲ್ಲಿ ಕುಳಿತುಕೊಳ್ಳುವ ಕಾರಣವಿಲ್ಲ. ಅದೇ ಕಂಪನಿಯ ಗಾಡಿಯನ್ನು ಮಾರುವ ಇನ್ನೆರಡು ಅಂಗಡಿಗಳ ಚೀಟಿಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಹೊಸ ಗಾಡಿಯ ಬೆಲೆ, ಹಳೆಯ ಗಾಡಿಯ ಬೆಲೆ, ಸಾಲ, ವಿಮೆ ಈ ನಾಲ್ಕನ್ನೂ ಒಂದೇ ಮಾತಿನಲ್ಲಿ ಕಲಸಲು ಬಿಡಬೇಡಿ. ಒಂದರಲ್ಲಿ ಬಿಟ್ಟುದನ್ನು ಇನ್ನೊಂದರಲ್ಲಿ ಹಿಡಿಯುವುದು ಈ ಕಲಸುಮೇಲೋಗರದ ಉದ್ದೇಶ. ಮುಂಗಡವನ್ನು ಕೊಡುವಾಗ, ಬುಕಿಂಗು ರದ್ದಾದರೆ ಎಷ್ಟು ಹಣ ಎಷ್ಟು ದಿನಗಳಲ್ಲಿ ಹಿಂದಕ್ಕೆ ಬರುವುದೆಂಬುದನ್ನು ರಸೀದಿಯ ಮೇಲೆಯೇ ಬರೆಯಿಸಿಕೊಳ್ಳಿ. ಪೂರ್ತಿ ಹಣ ಕಟ್ಟುವ ಮುಂಚೆ ನಿಮಗೆ ಕೊಡಲಿರುವ ಗಾಡಿಯನ್ನೇ ಅಂಗಳಕ್ಕೆ ಹೋಗಿ ಹಗಲು ಬೆಳಕಿನಲ್ಲಿ ನೋಡಿ, ಅದು ಯಾವ ತಿಂಗಳು ತಯಾರಾದುದೆಂದು ವಿಚಾರಿಸಿ. ಇವೆಲ್ಲಕ್ಕಿಂತಲೂ ಮುಖ್ಯವಾದುದು 'ನಾಳೆ ಹೇಳುತ್ತೇನೆ' ಎಂದು ನುಡಿದು ಎದ್ದುಬರುವ ಧೈರ್ಯ. ಬೆಲೆಯು ನಿಜವಾಗಿ ಇಳಿಯುವುದು ಅನೇಕ ವೇಳೆ ಗಿರಾಕಿಯು ಬಾಗಿಲ ಬಳಿಗೆ ಬಂದಾಗ, ಇಲ್ಲವೆ ಮರುದಿನ ಬೆಳಿಗ್ಗೆ ಬರುವ ಕರೆಯಲ್ಲಿ.

ಮಾರಾಟದ ಹುಡುಗರನ್ನು ಶತ್ರುಗಳೆಂದು ಭಾವಿಸುವುದು ನಮ್ಮ ಉದ್ದೇಶವಲ್ಲ. ಹಾವೇರಿಯಿಂದಲೋ ರಾಯಚೂರಿನಿಂದಲೋ ಬಂದು, ಅಲ್ಪ ಸಂಬಳಕ್ಕೆ ಕತ್ತುಪಟ್ಟಿ ಕಟ್ಟಿಕೊಂಡು, ದಿನವಿಡೀ ನಿಂತೇ ಇರುವ ನಮ್ಮವರ ಮಕ್ಕಳೇ ಅವರು. ಗುರಿ ಮುಟ್ಟದೆ ಹೋದರೆ ಅವರ ಕೆಲಸವೇ ಅಲುಗಾಡುತ್ತದೆ. 'ಇನ್ನು ಇಳಿಸಲು ನನ್ನಿಂದಾಗದು ಸರ್' ಎಂದು ಅವರು ಹೇಳುವುದು ಕೆಲವೊಮ್ಮೆ ಅಕ್ಷರಶಃ ಸತ್ಯ. ಡೀಲರುಗಳು ಗೊತ್ತಾದ ಮಿತಿಗಿಂತ ಹೆಚ್ಚು ರಿಯಾಯತಿ ಕೊಡದಂತೆ ತಡೆದು, ಗಿರಾಕಿಗಳ ವೇಷದಲ್ಲಿ ಜನರನ್ನು ಕಳುಹಿಸಿ ಪರೀಕ್ಷಿಸಿ, ಮೀರಿದವರಿಗೆ ದಂಡ ಹಾಕುತ್ತಿದ್ದುದಾಗಿ ಕಂಡುಬಂದುದರಿಂದ ಭಾರತದ ಸ್ಪರ್ಧಾ ಆಯೋಗವು ೨೦೨೧ರ ಆಗಸ್ಟಿನಲ್ಲಿ ಮಾರುತಿ ಸುಜುಕಿ ಕಂಪನಿಗೆ ೨೦೦ ಕೋಟಿ ರೂಪಾಯಿ ದಂಡ ವಿಧಿಸಿತು; ಕಂಪನಿಯು ಅದರ ಮೇಲೆ ಅಪೀಲು ಹೋಯಿತು. ಅಪೀಲಿನ ಮಾತು ಹಾಗಿರಲಿ. ಎದುರಿಗೆ ಕುಳಿತ ಹುಡುಗನ ಹಿಂದೆ ಡೀಲರು, ಡೀಲರಿನ ಹಿಂದೆ ಕಂಪನಿ, ಹೀಗೆ ಒತ್ತಾಯದ ಸರಪಳಿಯು ಎಲ್ಲಿಂದ ಬರುತ್ತದೆಂಬುದು ಈ ಪ್ರಕರಣದಿಂದ ತಿಳಿಯಬಹುದು. ಆದುದರಿಂದ ಹುಡುಗನೊಡನೆ ಮೃದುವಾಗಿ ಮಾತನಾಡೋಣ, ಕಾಗದದ ವಿಷಯದಲ್ಲಿ ಮಾತ್ರ ಕಠಿನರಾಗಿರೋಣ.

ಹಾಗಾದರೆ ಎಲ್ಲ ಭಾರವನ್ನೂ ಗಿರಾಕಿಯೇ ಹೊರಬೇಕೆ? ಹತ್ತು ರೂಪಾಯಿಯ ಸಾಬೂನಿನ ಮೇಲೆ ಗರಿಷ್ಠ ಬೆಲೆಯು ಅಚ್ಚಾಗಿರಬೇಕೆಂದು ಕಾನೂನು ಮಾಡಿದ ಸರಕಾರವು ಹತ್ತು ಲಕ್ಷದ ಗಾಡಿಯ ಮೇಲೆ ಒಂದು ಚೀಟಿಯನ್ನೂ ಅಂಟಿಸಬೇಕೆನ್ನುವುದಿಲ್ಲ. ವ್ಯಾಪಾರವೇ ದೇವರೆಂದು ಹೇಳಿಸಿಕೊಳ್ಳುವ ಅಮೆರಿಕದಲ್ಲಿಯೂ ೧೯೫೮ರಲ್ಲಿಯೇ ಸೆನೆಟರ್ ಮನ್ರೋನಿಯವರ ಪ್ರಯತ್ನದಿಂದ ಒಂದು ಕಾನೂನಾಯಿತು. ಪ್ರತಿಯೊಂದು ಹೊಸ ಕಾರಿನ ಗಾಜಿನ ಮೇಲೆ ಕಂಪನಿಯು ಸೂಚಿಸಿದ ಬೆಲೆ, ಪ್ರತಿಯೊಂದು ಹೆಚ್ಚಿನ ಸಲಕರಣೆಯ ಬೆಲೆ, ಸಾಗಾಣಿಕೆಯ ವೆಚ್ಚಗಳನ್ನು ಬರೆದ ಪಟ್ಟಿಯು ಇರತಕ್ಕದ್ದು. ಕೊಂಡವನ ಕೈಸೇರುವವರೆಗೆ ಅದನ್ನು ತೆಗೆಯತಕ್ಕದ್ದಲ್ಲ. ಅದರಿಂದ ಅಲ್ಲಿಯ ಒತ್ತಾಯಗಳೆಲ್ಲ ನಿಂತುಹೋದವೆಂದಲ್ಲ. ಆದರೆ ಮಾತು ಎಲ್ಲಿಂದ ಪ್ರಾರಂಭವಾಗಬೇಕೆಂಬುದು ಗಾಜಿನ ಮೇಲೆ ಬರೆದಿರುತ್ತದೆ.

ನಮ್ಮಲ್ಲಿ ಕಾನೂನು ಇಲ್ಲವೇ ಇಲ್ಲವೆನ್ನುವಂತಿಲ್ಲ. ೨೦೨೦ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆಯು ಬೆಲೆಯನ್ನು ಸರಿಯಾಗಿ ತಿಳಿಯುವುದು ಗ್ರಾಹಕನ ಹಕ್ಕೆಂದು ಹೇಳುತ್ತದೆ. ಕೊಟ್ಟ ಹಣವು ೫೦ ಲಕ್ಷಕ್ಕೆ ಮೀರದ ವ್ಯವಹಾರಗಳ ದೂರು ಜಿಲ್ಲೆಯ ಆಯೋಗದಲ್ಲಿಯೇ ನಡೆಯುತ್ತದೆ. ಐದರಿಂದ ಹತ್ತು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವು ೨೦೦ ರೂಪಾಯಿ ಮಾತ್ರ. ವಕೀಲರಿಲ್ಲದೆಯೂ ದೂರು ಕೊಡಬಹುದು, ಎರಡು ವರ್ಷಗಳ ಒಳಗೆ ಕೊಡಬೇಕು. ೧೯೧೫ ಎಂಬ ಸಂಖ್ಯೆಗೆ ಕರೆ ಮಾಡಿದರೆ ರಾಷ್ಟ್ರೀಯ ಸಹಾಯವಾಣಿಯವರು ದೂರನ್ನು ಬರೆದುಕೊಳ್ಳುತ್ತಾರೆ. ಸೋಜಿಗದ ಸಂಗತಿಯೆಂದರೆ, ಅಂತರ್ಜಾಲದ ಅಂಗಡಿಗಳು ಸುಳ್ಳು ಅವಸರವನ್ನು ಹುಟ್ಟಿಸುವುದು, ಕೇಳದ ಪದಾರ್ಥವನ್ನು ಬುಟ್ಟಿಗೆ ಸೇರಿಸುವುದು, ಬೆಲೆಯನ್ನು ತೊಟ್ಟು ತೊಟ್ಟಾಗಿ ಹೊರಬಿಡುವುದು ಮೊದಲಾದ ೧೩ ಕುಯುಕ್ತಿಗಳನ್ನು ಹೆಸರಿಸಿ ಕೇಂದ್ರ ಸರಕಾರವು ೨೦೨೩ರ ನವೆಂಬರಿನಲ್ಲಿಯೇ ನಿಷೇಧಿಸಿದೆ. ಪರದೆಯ ಮೇಲೆ ಮಾಡಿದರೆ ನಿಷಿದ್ಧವೆಂದು ಹೆಸರಿಸಲ್ಪಟ್ಟ ಕೃತ್ಯವು ಮೇಜಿನ ಆಚೆ ಕುಳಿತು ಬಾಯಿಂದ ಮಾಡಿದೊಡನೆ ವ್ಯಾಪಾರ ಚಾತುರ್ಯವಾಗುವುದು ಹೇಗೆ?

ನಮ್ಮ ರಾಜ್ಯ ಸರಕಾರವು ಇದಕ್ಕಾಗಿ ದಿಲ್ಲಿಯ ಕಡೆಗೆ ನೋಡಬೇಕಾದುದಿಲ್ಲ. ಮೋಟಾರು ವಾಹನಗಳ ವ್ಯಾಪಾರ ಮಾಡುವ ಪ್ರತಿಯೊಬ್ಬ ಡೀಲರೂ ಸಾರಿಗೆ ಇಲಾಖೆಯಿಂದ ಟ್ರೇಡ್ ಸರ್ಟ್‌ಫಿಕೇಟನ್ನು ಪಡೆಯಲೇಬೇಕು. ಅವನ ಗಾಡಿಗಳ ನೋಂದಣಿಯೂ ಆ ಇಲಾಖೆಯಲ್ಲಿಯೇ ಆಗಬೇಕು. ಪ್ರತಿಯೊಂದು ಮಾದರಿಯ ಆನ್ ರೋಡ್ ಬೆಲೆಯನ್ನು, ಕಡ್ಡಾಯವಾದ ಬಾಬುಗಳನ್ನೂ ಐಚ್ಛಿಕವಾದವುಗಳನ್ನೂ ಬೇರ್ಪಡಿಸಿ, ಷೋರೂಮಿನ ಬಾಗಿಲಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ಹಾಕತಕ್ಕದ್ದೆಂದು ಸಾರಿಗೆ ಆಯುಕ್ತರು ಎಲ್ಲ ಡೀಲರುಗಳಿಗೂ ತಿಳಿಸಲಿ. ಈಗ ಗಿರಾಕಿಯು ಸಹಿ ಹಾಕುವ ಬುಕಿಂಗಿನ ಪತ್ರವು ಬಹುತೇಕ ಇಂಗ್ಲಿಷಿನಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣಕ್ಷರದಲ್ಲಿರುತ್ತದೆ. ತುಮಕೂರಿನ ರೈತನು ಅದನ್ನು ಓದುವುದು ಹೇಗೆ? ಅದೂ ಕನ್ನಡದಲ್ಲಿರಲಿ. ಬುಕಿಂಗು ಮಾಡಿದ ಮೂರು ದಿನಗಳೊಳಗೆ, ಗಾಡಿಯು ಆ ಗಿರಾಕಿಯ ಹೆಸರಿಗೆ ನೋಂದಣಿಯಾಗುವ ಮೊದಲು, ಮನಸ್ಸು ಬದಲಿಸಿದವನಿಗೆ ಮುಂಗಡವು ಪೂರ್ತಿಯಾಗಿ ಹಿಂದಕ್ಕೆ ಬರತಕ್ಕದ್ದೆಂದು ಆ ಪತ್ರದ ಮೊದಲನೆಯ ಸಾಲಿನಲ್ಲಿ ಅಚ್ಚಾಗಲಿ. ಡೀಲರುಗಳ ಸಂಘದವರು ಇದಕ್ಕೆ ಆಕ್ಷೇಪಿಸುವರೆಂದು ನಾವು ಬಲ್ಲೆವು. ಗಾಡಿಯ ಬಣ್ಣವನ್ನು ಕಾದಿರಿಸಿದ ನಷ್ಟವನ್ನು ಅವರು ಮುಂದೆ ತರಬಹುದು. ಅಂಗಳದಲ್ಲಿ ನೂರು ಗಾಡಿ ನಿಲ್ಲಿಸಿಕೊಂಡವರಿಗೆ ಮೂರು ದಿನದ ನಷ್ಟವೆಷ್ಟೆಂಬುದನ್ನು ಆಯುಕ್ತರು ಲೆಕ್ಕಪತ್ರ ತರಿಸಿ ನೋಡಲಿ. ಗಾಡಿಗಳ ಮಾರಾಟವು ಅತಿ ಹೆಚ್ಚಾಗಿ ನಡೆಯುವುದು ಆಯುಧಪೂಜೆಯಿಂದ ದೀಪಾವಳಿಯವರೆಗೆ. ಆಜ್ಞೆಯು ಅದಕ್ಕೆ ಮುಂಚೆಯೇ ಹೊರಟರೆ ಈ ವರ್ಷದ ಗಿರಾಕಿಗಳಿಗೇ ಅದರ ಪ್ರಯೋಜನವು ದೊರೆಯುವುದು.